ಮೊದಲ ಫಿಗಾರೊ ಯಾರು?

ಪ್ರಶ್ನೆ: ಫಿಗಾರೊ ಪಾತ್ರವನ್ನು ಮೊದಲು ಆಡಿದ್ದು ಪ್ರೆವಿಲ್ ಅಂತ ಒಂದು ಕಡೆ ಓದಿದೆ, ದಾಜಾಂಕೂರ್ ಅಂತ ಇನ್ನೊಂದು ಕಡೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಆದರೆ ನಾಟಕ ಬೇರೆ ಬೇರೆ. ಫ್ರೆಂಚ್ ನಾಟಕಕಾರ ಬೊಮಾರ್ಶೆ ಬರೆದ 'ಸೆವಿಲ್‌ನ ಕ್ಷೌರಿಕ' 1775ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಚತುರ ಕ್ಷೌರಿಕ ಫಿಗಾರೊ ಆದವರು ಪ್ರೆವಿಲ್. ಮುಂದಿನ ನಾಟಕ 'ಫಿಗಾರೊನ ಮದುವೆ' 1784ರಲ್ಲಿ ಬಂತು, ಅದರಲ್ಲಿ ದಾಜಾಂಕೂರ್. ಆ ಪಾತ್ರಕ್ಕೆ ಮೊದಲು ಜೀವ ತುಂಬಿದ ಗೌರವ ಪ್ರೆವಿಲ್ ಅವರದೇ.

ಪ್ರೆವಿಲ್ ಎಂಬುದು ರಂಗದ ಹೆಸರು. ನಿಜ ಹೆಸರು ಪಿಯೆರ್-ಲೂಯಿ ದ್ಯುಬು. ಹುಟ್ಟಿದ್ದು 1721ರಲ್ಲಿ, ಪ್ಯಾರಿಸ್ಸಿನಲ್ಲಿ. ಊರೂರಿನ ತಂಡಗಳಲ್ಲಿ ಪಳಗಿ 1753ರಲ್ಲಿ ಪ್ಯಾರಿಸ್ಸಿನ ನಾಟಕ ತಂಡ ಕೊಮೆದಿ-ಫ್ರಾಂಸೇಸ್‌ಗೆ ಬಂದರು. ಬಂದ ಜಾಗ ಸುಲಭದ್ದಲ್ಲ. ಕ್ರಿಸ್ಪಿನ್ ಎಂಬ ಚತುರ ಸೇವಕನ ಪಾತ್ರ ಅಲ್ಲಿ ಪ್ವಾಸೋನ್ ಮನೆತನದಲ್ಲಿ ಮೂರು ತಲೆಮಾರು ನಡೆದುಬಂದಿತ್ತು. ಕೊನೆಯ ಪ್ವಾಸೋನ್ ಆ ವರ್ಷ ತೀರಿಕೊಂಡಿದ್ದರು. ಜನರ ಕಣ್ಣಲ್ಲಿ ಅವರ ಚಿತ್ರವೇ ಇರುವಾಗ ಹೊಸಬನನ್ನು ಒಪ್ಪುವುದು ಕಷ್ಟ ಅಲ್ವಾ?

ಪ್ರೆವಿಲ್ ಗೆದ್ದದ್ದು ಬೂರ್ಸೋ ಬರೆದ ಹಳೆಯ ನಾಟಕ 'ಮೆರ್ಕ್ಯೂರ್ ಗಲಾಂ'ನಿಂದ. ಪತ್ರಿಕೆಯೊಂದರ ಕಚೇರಿಗೆ ತರಹೇವಾರಿ ಜನ ಬಂದುಹೋಗುವ ಕಥೆ ಅದು. ಆ ಪೈಕಿ ಹಲವರ ಪಾತ್ರಗಳನ್ನು ಇವರೊಬ್ಬರೇ ಆಡಿದರು. ದೊರೆ ಹದಿನೈದನೇ ಲೂಯಿ ಮೆಚ್ಚಿದ, ತಂಡದಲ್ಲಿ ಜಾಗ ಗಟ್ಟಿಯಾಯಿತು. ಇಂಗ್ಲೆಂಡಿನ ನಟ ಡೇವಿಡ್ ಗ್ಯಾರಿಕ್ ಇವರ ಗೆಳೆಯ. ಇಬ್ಬರೂ ಕುದುರೆ ಮೇಲೆ ಕುಡುಕರಂತೆ ನಟಿಸುತ್ತಾ ಹೊರಟಾಗ, 'ನಿನ್ನ ಕಾಲಿಗೆ ಇನ್ನೂ ಮತ್ತೇರಿಲ್ಲ' ಎಂದು ಗ್ಯಾರಿಕ್ ತಿದ್ದಿದರು ಅನ್ನುವ ಕಥೆ ರಂಗದವರ ಬಾಯಲ್ಲಿ ಉಳಿದಿದೆ.

'ಕ್ಷೌರಿಕ'ದ ಮೊದಲ ಪ್ರದರ್ಶನ ಸೋತಿತು. ಐದು ಅಂಕ ಜನರಿಗೆ ಬೇಸರ ತಂದಿತ್ತು. ಬೊಮಾರ್ಶೆ ಕೆಲವೇ ದಿನಗಳಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು, ನಾಟಕ ಗೆದ್ದಿತು.

1784ರ ಹೊತ್ತಿಗೆ ಪ್ರೆವಿಲ್‌ಗೆ 62 ವರ್ಷ. 'ಮದುವೆ'ಯ ಫಿಗಾರೊ ರಂಗದ ತುಂಬ ಓಡಾಡಬೇಕು, ಕೊನೆಯ ಅಂಕದಲ್ಲಿ ಒಬ್ಬನೇ ನಿಂತು ಉದ್ದದ ಸ್ವಗತ ಹೇಳಬೇಕು. ಅದು ದಾಜಾಂಕೂರ್ ಪಾಲಾಯಿತು. ಪ್ರೆವಿಲ್ ತೊದಲು ಮಾತಿನ ನ್ಯಾಯಾಧೀಶ ಬ್ರಿದ್‌ವಾಜೋನ್‌ನ ಸಣ್ಣ ಪಾತ್ರ ಮಾಡಿದರು. ತಾನೇ ಹುಟ್ಟುಹಾಕಿದ ಫಿಗಾರೊ ಇನ್ನೊಬ್ಬರ ಕೈಲಿರುವಾಗ ಅದೇ ರಂಗದಲ್ಲಿ ಪಕ್ಕದ ಪಾತ್ರಕ್ಕೆ ನಿಂತರಲ್ಲ, ಅವರ ಮೇಲೆ ನನಗೆ ಜಾಸ್ತಿ ಗೌರವ ಬರುವುದು ಇದಕ್ಕೇ. ಮೊಜಾರ್ಟ್‌ನ ಇದೇ ಕಥೆಯ ಒಪೆರಾದಲ್ಲಿ ತೊದಲುವ ದೊನ್ ಕುರ್ಸಿಯೊಗೆ ಮೂಲ ಈ ನ್ಯಾಯಾಧೀಶನೇ.

ಪ್ರೆವಿಲ್ 1786ರಲ್ಲಿ ನಿವೃತ್ತರಾದರು, 1799ರಲ್ಲಿ ಬೊವೆಯಲ್ಲಿ ತೀರಿಕೊಂಡರು. ರಾಣಿ ಮಾರಿ ಆಂತ್ವಾನೆತ್‌ಗೆ ನಟನೆ ಕಲಿಸಿದ್ದ ದಾಜಾಂಕೂರ್ ಫ್ರೆಂಚ್ ಕ್ರಾಂತಿಯ ನಡುವೆ 1793ರಲ್ಲಿ ತಂಡದವರ ಜೊತೆ ಜೈಲು ಸೇರಿದರು. ಮರುವರ್ಷ ಬಿಡುಗಡೆಯಾಗಿ ಮತ್ತೆ ರಂಗಕ್ಕೆ ಬಂದರು.