ಒಂದು ರನ್, ಒಂದು ಮಿಲಿಸೆಕೆಂಡ್, ಒಂದು ಮೇಕೆ

2016ರ ನವೆಂಬರ್ 2ರ ರಾತ್ರಿ. ಕ್ಲೀವ್‌ಲ್ಯಾಂಡ್‌ನಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಏಳನೇ ಹಾಗೂ ಕೊನೆಯ ಪಂದ್ಯ. ಒಂಬತ್ತು ಇನ್ನಿಂಗ್ಸ್ ಮುಗಿದಾಗ ಸ್ಕೋರು 6–6. ಮಳೆ ಬಂದು 17 ನಿಮಿಷ ಆಟ ನಿಂತಿತು. ಹತ್ತನೇ ಇನ್ನಿಂಗ್ಸ್‌ನಲ್ಲಿ ಶಿಕಾಗೋ ಕಬ್ಸ್ ತಂಡ ಕ್ಲೀವ್‌ಲ್ಯಾಂಡ್ ತಂಡವನ್ನು 8–7ರಿಂದ ಗೆದ್ದಿತು. ಒಂದೇ ಒಂದು ರನ್ನಿನ ಗೆಲುವು. 1908ರ ನಂತರ ಅವರಿಗೆ ಸಿಕ್ಕ ಮೊದಲ ಕಿರೀಟ.

ಗೆದ್ದ ಮೇಲೆ ಎಲ್ಲೆಲ್ಲೂ ಮೇಕೆಯ ಮಾತು. 1945ರಲ್ಲಿ ಬಿಲ್ಲಿ ಸಿಯಾನಿಸ್ ಎಂಬ ಬಾರ್ ಮಾಲೀಕ ವರ್ಲ್ಡ್ ಸೀರೀಸ್ ನೋಡಲು ತನ್ನ ಮೇಕೆಯ ಜೊತೆ ಬಂದಿದ್ದ. ಮೇಕೆಯನ್ನು ಒಳಗೆ ಇರಗೊಡಲಿಲ್ಲ. ಆ ಸಿಟ್ಟಿಗೆ ಅವನು ಕಬ್ಸ್‌ಗೆ ಶಾಪ ಹಾಕಿದ ಅಂತ ಕಥೆ. ಶಾಪ ಕಳೆಯಲಿ ಎಂದು 1984ರಲ್ಲಿ ಮೈದಾನಕ್ಕೇ ಮೇಕೆ ಕರೆತಂದಿದ್ದರು! ಆದರೆ ಲೆಕ್ಕ ಹಾಕಿ ನೋಡಿ. ಮೇಕೆ ಬರುವ ಮೊದಲೇ 37 ವರ್ಷ ಅವರು ಗೆದ್ದಿರಲಿಲ್ಲ. ಅದಕ್ಕೆ ಯಾರ ಶಾಪ?

ಆ ರಾತ್ರಿ ನಿಜವಾಗಿ ನಡೆದದ್ದು ಇದಕ್ಕಿಂತ ಸೊಗಸಾಗಿದೆ. ಹತ್ತನೇ ಇನ್ನಿಂಗ್ಸ್‌ನಲ್ಲಿ ಎಡಗೈ ಬ್ಯಾಟಿಂಗ್ ಮಾಡುತ್ತಿದ್ದ ಕಬ್ಸ್‌ನ ಬೆನ್ ಜೋಬ್ರಿಸ್ಟ್ ಚೆಂಡನ್ನು ಥರ್ಡ್ ಬೇಸ್ ಕಡೆಗೆ, ಅಂದರೆ ಮೈದಾನದ ಎಡ ಗಡಿಗೆರೆಯ ಮೇಲಿರುವ ಬೇಸ್ ಕಡೆಗೆ, ಹೊಡೆದ. ಅಲ್ಲಿದ್ದ ಕ್ಲೀವ್‌ಲ್ಯಾಂಡ್ ಫೀಲ್ಡರ್ ಹೊಸೆ ರಮಿರೆಜ್ ಮತ್ತು ಆ ಗೆರೆಯ ನಡುವಿನ ಸಂದಿನಲ್ಲಿ ಅದು ನುಗ್ಗಿ ಹೋಯಿತು. ಕಬ್ಸ್ ಮುಂದೆ, 7–6.

ಬ್ಯಾಟನ್ನು ಜೋರಾಗಿ ಮುಚ್ಚಿಕೊಳ್ಳುತ್ತಿರುವ ಬಾಗಿಲು ಅಂದುಕೊಳ್ಳಿ. ಆ ಬಾಗಿಲಿಗೆ ಚೆಂಡು ತಾಗಿದರೆ ಯಾವ ಕಡೆ ಪುಟಿಯುತ್ತದೆ? ತಾಗಿದ ಗಳಿಗೆಯಲ್ಲಿ ಬಾಗಿಲು ಎಷ್ಟು ತಿರುಗಿತ್ತೋ ಅದರ ಮೇಲೆ ಅಲ್ವಾ? ಬ್ಯಾಟು ಒಂದು ಮಿಲಿಸೆಕೆಂಡಿಗೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಥರ್ಡ್ ಬೇಸ್ ಇರುವುದು 27.4 ಮೀಟರ್ ದೂರದಲ್ಲಿ. ಅಲ್ಲಿಗೆ ತಲುಪುವಾಗ ಈ ಎರಡು ಡಿಗ್ರಿ ಸುಮಾರು ಒಂದು ಮೀಟರ್ ಆಗಿಬಿಡುತ್ತದೆ. ಬ್ಯಾಟು ಚೂರು ಬೇಗ ಬಂದಿದ್ದರೆ ಚೆಂಡು ರಮಿರೆಜ್ ಕೈಗೆ. ಚೂರು ತಡವಾಗಿದ್ದರೆ ಗೆರೆಯಾಚೆ, ಫೌಲ್, ಅಂದರೆ ರನ್ ಇಲ್ಲದ ಹೊಡೆತ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತ ಬ್ಯಾಟರ್‌ನನ್ನು ಮುಟ್ಟಲು ಹೆಚ್ಚುಕಡಿಮೆ 0.4 ಸೆಕೆಂಡು ಸಾಕು. ಅಷ್ಟರಲ್ಲಿ ಇಷ್ಟೆಲ್ಲ.

ಇದು ಎಡ–ಬಲದ ಮಾತಾಯಿತು. ಮೇಲೆ–ಕೆಳಗೆ ಇನ್ನೂ ಸೂಕ್ಷ್ಮ. ಚೆಂಡೂ ದುಂಡು, ಬ್ಯಾಟೂ ದುಂಡು. ಕೇರಂನಲ್ಲಿ ಸ್ಟ್ರೈಕರ್ ಪಾನಿನ ನಡುವಿಗೆ ಬಡಿಯದೆ ಅಂಚಿಗೆ ತಾಗಿದರೆ ಪಾನು ಎತ್ತಲೋ ಹೋಗುತ್ತದಲ್ಲ, ಹಾಗೆ. ಗೋಲಿ ಆಡಿದವರಿಗೂ ಇದು ಗೊತ್ತು. ಕೆಲವೇ ಮಿಲಿಮೀಟರ್ ವ್ಯತ್ಯಾಸದಲ್ಲಿ ಒಂದು ಹೊಡೆತ ನೆಲದಲ್ಲಿ ಉರುಳುತ್ತದೆ, ಇನ್ನೊಂದು ಗ್ಯಾಲರಿಗೆ ಹಾರುತ್ತದೆ.

ಹಾಗಂತ ಕಬ್ಸ್ ಸುಮ್ನೆ ಗೆದ್ದರು ಅನ್ನಬೇಡಿ. ಆ ವರ್ಷ ಅವರು ಲೀಗ್ ಹಂತದಲ್ಲೇ 103 ಪಂದ್ಯ ಗೆದ್ದಿದ್ದರು. ತಂಡದ ಬಲ ಕಾಣುವುದು ಅಷ್ಟು ಉದ್ದದ ಲೆಕ್ಕದಲ್ಲಿ. ಒಂದು ರನ್ನಿನ ಪಂದ್ಯದಲ್ಲಿ ಅದನ್ನು ಹುಡುಕಿದರೆ ಮೋಸ ಹೋಗುತ್ತೇವೆ.

ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನೇ ನೋಡಿ. 2012ರಲ್ಲಿ ಒಂದು ರನ್ನಿನ ಪಂದ್ಯಗಳಲ್ಲಿ ಅವರು 29 ಗೆದ್ದು ಬರೀ 9 ಸೋತರು. ಇದು ಗಟ್ಟಿ ಗುಂಡಿಗೆಯ ತಂಡ ಅಂತ ಯಾರಿಗಾದರೂ ಅನಿಸುತ್ತದೆ. ಈಗ ಒಂದು ನಾಣ್ಯವನ್ನು 38 ಸಲ ಚಿಮ್ಮಿ. 29 ಅಥವಾ ಜಾಸ್ತಿ ಸಲ ತಲೆ ಬೀಳುವುದು ಸುಮಾರು ಸಾವಿರಕ್ಕೆ ಒಮ್ಮೆ. ಅಪರೂಪವೇ. ಆದರೆ ಲೀಗಿನಲ್ಲಿ 30 ತಂಡಗಳಿವೆ, ವರ್ಷ ವರ್ಷವೂ ಆಡುತ್ತವೆ. ಸರಾಸರಿ ಮೂವತ್ತು–ನಲವತ್ತು ವರ್ಷಕ್ಕೊಮ್ಮೆ ಯಾವುದೋ ತಂಡಕ್ಕೆ ಹೀಗೆ ಒಲಿಯಬಹುದು.

ಮರುವರ್ಷವೂ ಮ್ಯಾನೇಜರ್ ಬಕ್ ಶೋವಾಲ್ಟರ್ ಅವರೇ ಇದ್ದರು. ಮುಖ್ಯ ಆಟಗಾರರಲ್ಲಿ ಹೆಚ್ಚಿನವರೂ ಅವರೇ. ಒಂದು ರನ್ನಿನ ಪಂದ್ಯಗಳಲ್ಲಿ ಗೆದ್ದದ್ದು 20, ಸೋತದ್ದು 31.