ಪೊಲೀಸರು ಜಾಸ್ತಿಯಾದರೆ ಕಳ್ಳತನ ಕಡಿಮೆಯಾಗುತ್ತಾ? ದಸರಾ ಲೆಕ್ಕದಲ್ಲಿ ನಾನು ಎಡವಿದ ಜಾಗ

ಎಂ.ಎ.ಯಲ್ಲಿ ಅಪರಾಧದ ಅರ್ಥಶಾಸ್ತ್ರ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮೂರು ದಿನ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೆ. ನಿನ್ನೆ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಸಿದ್ಧಾಂತ ಸುಲಭ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿ ಹೇಳಿದ್ದು ಇಷ್ಟು: ಕಳ್ಳನೂ ಲೆಕ್ಕ ಹಾಕುತ್ತಾನೆ. ತಕ್ಕಡಿಯ ಒಂದು ಕಡೆ ಸಿಗುವ ಲಾಭ, ಇನ್ನೊಂದು ಕಡೆ ಸಿಕ್ಕಿಬೀಳುವ ಸಾಧ್ಯತೆ ಮತ್ತು ಶಿಕ್ಷೆ.

ಕಷ್ಟ ಶುರುವಾಗುವುದು ಅಂಕಿಅಂಶ ಹಿಡಿದಾಗ. ಪೊಲೀಸರು ಹೆಚ್ಚಿರುವ ಊರಲ್ಲೇ ಎಷ್ಟೋ ಸಲ ಅಪರಾಧವೂ ಹೆಚ್ಚು ಕಾಣುತ್ತದೆ. ಯಾಕೆಂದರೆ ಅಪರಾಧ ಜಾಸ್ತಿಯಾದ ಕಡೆಗೇ ಪೊಲೀಸರನ್ನು ಕಳಿಸುತ್ತಾರೆ. ಜ್ವರ ಬಂದ ಮನೆಯಲ್ಲೇ ಮಾತ್ರೆ ಇರುತ್ತದೆ. ಮಾತ್ರೆಯಿಂದಲೇ ಜ್ವರ ಬಂತು ಅನ್ನೋಕಾಗುತ್ತಾ? ಹಾಗಾಗಿ ಕಳ್ಳತನಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಪೊಲೀಸರು ಹೆಚ್ಚಾದ ಸಂದರ್ಭವನ್ನು ಹುಡುಕಬೇಕು.

ಇಲ್ಲೇ ನಾನು ಎಡವಿದ್ದು. ‘ನಮ್ಮ ದಸರಾ ಇದೆಯಲ್ಲ!’ ಅಂದುಕೊಂಡೆ. ದಸರಾ ಯಾವಾಗ ಅಂತ ಹೇಳುವುದು ಪಂಚಾಂಗ, ಕಳ್ಳರಲ್ಲ. ಹೊರ ಜಿಲ್ಲೆಗಳಿಂದ ಪೊಲೀಸರು ಬರುತ್ತಾರೆ. ಮುಂಚಿನ ವಾರ, ದಸರಾ ವಾರ ಹೋಲಿಸಿದರೆ ಉತ್ತರ ಸಿಕ್ಕಿತು, ಅಲ್ವಾ?

ಸಿಗುವುದಿಲ್ಲ. ದಸರಾ ಪೊಲೀಸರನ್ನು ಮಾತ್ರ ಕರೆತರುವುದಿಲ್ಲ, ಜನರನ್ನೂ ಕರೆತರುತ್ತದೆ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಜೇಬುಗಳ್ಳರಿಗೆ ಅದು ಸುಗ್ಗಿ. ಅದೇ ಹೊತ್ತಿಗೆ ಮನೆಗೆ ಬೀಗ ಹಾಕಿ ಮೆರವಣಿಗೆ ನೋಡಲು ಹೋದವರ ಬೀದಿಗಳು ಖಾಲಿ. ಕಳ್ಳತನ ಏರಲಿ, ಇಳಿಯಲಿ, ಅದರಲ್ಲಿ ಪೊಲೀಸರ ಪಾಲೆಷ್ಟು, ಜನಸಂದಣಿಯ ಪಾಲೆಷ್ಟು ಅಂತ ಬಿಡಿಸಲು ಆಗುವುದಿಲ್ಲ.

ಅಂದರೆ ಪ್ರಶ್ನೆ ಎರಡು. ಘಟನೆಯಿಂದ ಪೊಲೀಸರ ಸಂಖ್ಯೆ ಬದಲಾಯಿತೇ? ಪೊಲೀಸರನ್ನು ಬಿಟ್ಟು ಬೇರೆ ದಾರಿಯಿಂದಲೂ ಆ ಘಟನೆ ಕಳ್ಳತನವನ್ನು ತಟ್ಟಿತೇ? ನಾನು ಮೊದಲನೆಯದನ್ನು ಮಾತ್ರ ಕೇಳಿ ಸುಮ್ಮನಾಗಿದ್ದೆ.

ಈಗ ಕಾರು ಕಳ್ಳತನದ ಬಗ್ಗೆ ಅರ್ಥಶಾಸ್ತ್ರಜ್ಞರಾದ ಡಿ ಟೆಲ್ಲಾ ಮತ್ತು ಶಾರ್ಗ್ರೊಡ್‌ಸ್ಕಿಯವರ 2004ರ ಅಧ್ಯಯನ ನೋಡಿ. 1994ರ ಜುಲೈ 18ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಯಹೂದಿ ಕೇಂದ್ರವೊಂದರ ಮೇಲೆ ಬಾಂಬ್ ದಾಳಿ ನಡೆದು 85 ಜನ ಸತ್ತರು. ಆಮೇಲೆ ಯಹೂದಿ ಮತ್ತು ಮುಸ್ಲಿಂ ಸಂಸ್ಥೆಗಳ ಮುಂದೆ ಪೊಲೀಸ್ ಪಹರೆ ಹಾಕಿದರು. ಯಾವ ಬೀದಿಗೆ ಪಹರೆ ಅನ್ನುವುದನ್ನು ನಿರ್ಧರಿಸಿದ್ದು ಆ ಕಟ್ಟಡ ಎಲ್ಲಿದೆ ಅನ್ನುವುದು, ಅಲ್ಲಿ ಎಷ್ಟು ಕಾರು ಕಳುವಾಗಿದ್ದವು ಅನ್ನುವುದಲ್ಲ.

ಸುಮ್ನೆ ಒಂದು ಲೆಕ್ಕ ಮಾಡಿ. ಪಹರೆ ಇರುವ ಬೀದಿಯಲ್ಲಿ 10 ಇದ್ದ ಕಳ್ಳತನ 3 ಆಯಿತು. ಪಹರೆ ಇಲ್ಲದ ಕಡೆ 10 ಇದ್ದದ್ದು 9 ಆಯಿತು. ಪೊಲೀಸರ ಪಾಲು 7 ಅಲ್ಲ. ಆ 1 ಪಹರೆ ಇಲ್ಲದೆಯೂ ಊರಿಗೆಲ್ಲ ಇಳಿದಿದೆ, ಅದನ್ನು ಕಳೆಯಿರಿ. 7 − 1 = 6. ಇಷ್ಟೇ ‘ವ್ಯತ್ಯಾಸಗಳ ವ್ಯತ್ಯಾಸ’. ನಿಜವಾದ ಅಧ್ಯಯನದಲ್ಲಿ ಪಹರೆ ಇದ್ದ ಬೀದಿಯಲ್ಲಿ ಕಾರು ಕಳ್ಳತನ ಸುಮಾರು 75% ಇಳಿಯಿತು. ಒಂದೆರಡು ಬೀದಿ ಆಚೆ ಪರಿಣಾಮವೇ ಕಾಣಲಿಲ್ಲ.

ಎರಡನೇ ಪ್ರಶ್ನೆಯನ್ನು ಇಲ್ಲೂ ಬಿಡಬೇಡಿ. ದಾಳಿಗೆ ಹೆದರಿ ಜನ ಆ ಬೀದಿಯಲ್ಲಿ ಕಾರು ನಿಲ್ಲಿಸುವುದನ್ನೇ ಬಿಟ್ಟಿದ್ದರೆ? ಆಗ ಕಳ್ಳತನ ಇಳಿದದ್ದಕ್ಕೆ ಪಹರೆಯೊಂದೇ ಕಾರಣ ಆಗುವುದಿಲ್ಲ.

ಕಾರನ್ನೇ ಯಾಕೆ ಆರಿಸಿದರು? ಇದು ನನಗೆ ಸ್ವಂತ ಅನುಭವದಿಂದ ಅರ್ಥವಾಯಿತು. ಹೋದ ವರ್ಷ ಬಸ್ಸಿನಲ್ಲಿ ನನ್ನ ಫೋನ್ ಕದ್ದರು. ಸ್ಟೇಷನ್ನಿನಲ್ಲಿ ‘ಕಳೆದುಹೋಗಿದೆ’ ಅಂತ ಬರೆಸಿಕೊಂಡು ಒಂದು ಚೀಟಿ ಕೊಟ್ಟರು. ಎಫ್‌ಐಆರ್ ಆಗಲಿಲ್ಲ. ಕಳ್ಳತನದ ಲೆಕ್ಕದಲ್ಲಿ ನನ್ನ ಫೋನ್ ಇಲ್ಲವೇ ಇಲ್ಲ. ಕಾರು ಹಾಗಲ್ಲ, ದೂರು ಕೊಡದೆ ಇನ್ಶೂರೆನ್ಸ್ ಹಣ ಬರುವುದಿಲ್ಲ. ಹಾಗಾಗಿ ಹೆಚ್ಚುಕಡಿಮೆ ಎಲ್ಲವೂ ದಾಖಲಾಗುತ್ತವೆ.

ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಅಂಕಿ ಓದುವಾಗಲೂ ಇದು ನೆನಪಿರಲಿ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅವರು ಎಣಿಸುವುದು ದೊಡ್ಡದೊಂದನ್ನೇ. ಇನ್ನು ಲಕ್ಷ್ಮಿ ಅಯ್ಯರ್ ಮತ್ತು ಸಂಗಡಿಗರ 2012ರ ಅಧ್ಯಯನ ನನಗೆ ತುಂಬಾ ಇಷ್ಟ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಬಂದ ಮೇಲೆ ಮಹಿಳೆಯರ ಮೇಲಿನ ಅಪರಾಧದ ಪ್ರಕರಣಗಳು ಏರಿದವು. ಮುಖ್ಯ ಕಾರಣ, ಹೆಣ್ಣುಮಕ್ಕಳು ಮುಂದೆ ಬಂದು ದೂರು ಕೊಟ್ಟದ್ದು.

ನಾಳೆ ಸ್ಟೀವನ್ ಲೆವಿಟ್ ಅವರ 1997ರ ಲೇಖನ ಓದಬೇಕು. ಚುನಾವಣೆ ವರ್ಷ ಅಮೆರಿಕದ ಊರುಗಳಲ್ಲಿ ಪೊಲೀಸರನ್ನು ಹೆಚ್ಚು ನೇಮಿಸುತ್ತಾರೆ ಅನ್ನುವುದು ಅಲ್ಲಿನ ಆಧಾರ. ಆ ಲೆಕ್ಕದಲ್ಲಿ ಯಾವ ಅಂಕಿಗೆ ಎಷ್ಟು ತೂಕ ಕೊಡಬೇಕು ಅನ್ನುವುದರಲ್ಲೇ ತಪ್ಪಿದೆ ಅಂತ 2002ರಲ್ಲಿ ಜಸ್ಟಿನ್ ಮೆಕ್ರಾರಿ ತೋರಿಸಿದರು, ಅದನ್ನೂ ಜೊತೆಗೇ ಓದಿ. ಆದರೆ ಮೊದಲು ಎರಡನೇ ಪ್ರಶ್ನೆ ಹಾಕಿ: ಚುನಾವಣೆ ವರ್ಷ ಪೊಲೀಸರಿಗೆ ಮಾತ್ರ ದುಡ್ಡು ಸುರಿಯುತ್ತಾರಾ, ಶಾಲೆಗೆ, ಬಡವರ ನೆರವಿಗೆ ಸುರಿಯುವುದಿಲ್ಲವಾ?