ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿಲ್ಲವೇಕೆ?

ಪ್ರಶ್ನೆ: ಪಣಜಿಯ ಫೊಂಟೈನ್ಹಾಸ್ ಓಣಿಗಳಲ್ಲಿ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಲುಬಣ್ಣದ ಬಿಲ್ಲೆಗಳನ್ನು ಕೂರಿಸಿದ್ದಾರೆ. ಅದು ಪ್ಲಾಸ್ಟಿಕ್ಕೋ, ಕಾಗೆಬಂಗಾರವೋ? ಗಾಜು ಕೊಳ್ಳಲಾರದೆ ಹೀಗೆ ಮಾಡಿದರೇ?
– ವಾಸ್ಕೋದ ಓದುಗರು

ಎರಡೂ ಅಲ್ಲ, ಅದು ಕಪ್ಪೆಚಿಪ್ಪು. ಅದೂ ನಿಮ್ಮ ವಾಸ್ಕೋ ಮಗ್ಗುಲಿನ ಚಿಖಲಿಯಲ್ಲಿ, ಜುವಾರಿ ನದಿಯ ಅಳಿವೆಯ ಕೆಸರಿನಲ್ಲಿ ಇಂದಿಗೂ ಬದುಕಿರುವ ಜಾತಿಯದು. ವಿಜ್ಞಾನಿಗಳು ಅದನ್ನು ಪ್ಲಾಕುನಾ ಪ್ಲಾಸೆಂಟಾ ಎನ್ನುತ್ತಾರೆ. ಬೇರೆ ಚಿಪ್ಪುಗಳಂತೆ ಉಬ್ಬಿಕೊಂಡಿರದೆ ಹಪ್ಪಳದಂತೆ ಚಪ್ಪಟೆ. ಎರಡು ಹೋಳುಗಳ ನಡುವೆ ಜೀವವೊಂದಕ್ಕೆ ಜಾಗವಾದರೂ ಎಲ್ಲಿದೆ ಎಂದು ಅಚ್ಚರಿಯಾಗಬೇಕು. ಹೆಚ್ಚೆಂದರೆ ಸುಮಾರು 15 ಸೆಂಟಿಮೀಟರ್ ಅಗಲಕ್ಕೆ ಬೆಳೆಯುತ್ತದೆ.

ಇಂಥದೊಂದು ಕಿಟಕಿಯನ್ನು ದುರಸ್ತಿ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಬಡಿಗರೊಬ್ಬರು ಒಮ್ಮೆ ನನ್ನ ಅಂಗೈಗೆ ಒಂದು ಬಿಲ್ಲೆ ಇಟ್ಟರು. “ಅಂಚು ಒತ್ತಬೇಡಿ ಸರ್, ಪದರು ಬಿಚ್ಚಿಕೊಳ್ಳುತ್ತದೆ” ಎಂದರು. ಒಣಗಿದ ಎಲೆಯಷ್ಟು ಹಗುರ. ಬಿಸಿಲಿಗೆ ಹಿಡಿದಾಗ ಒಂದರೊಳಗೊಂದು ಬಳೆಯಿಟ್ಟಂತೆ ಬೆಳವಣಿಗೆಯ ಗೆರೆಗಳು ಕಂಡವು, ಆಚೆ ನಿಂತ ಅವರ ಬೆರಳು ಬರಿಯ ನೆರಳಾಯಿತು. ಚಿಪ್ಪಿನ ಅಂಚು ಕತ್ತರಿಸಿ ಚೌಕ ಮಾಡಿ, ಮರದ ಪಟ್ಟಿಗಳ ಕೊರಕಲಿನಲ್ಲಿ ಒಂದರ ತುದಿಯ ಮೇಲೊಂದು ಬರುವಂತೆ ಮೀನಿನ ಹುರುಪೆಯ ಹಾಗೆ ತೂರಿಸಿದ್ದರು. ಅಂಟಿಲ್ಲ, ಬಿಲ್ಲೆಗೆ ಮೊಳೆಯಿಲ್ಲ. ಒಂದು ಒಡೆದರೆ ಆ ಸಾಲನ್ನಷ್ಟೇ ಬಿಚ್ಚಿ ಹೊಸದನ್ನು ಜಾರಿಸಿದರೆ ಮುಗಿಯಿತು.

ಇನ್ನು ಗಾಜಿನ ಮಾತು. ಅದು ಯುರೋಪಿನಿಂದ ಹಡಗಿನಲ್ಲಿ ಬರಬೇಕಿತ್ತು; ದುಬಾರಿ, ದಾರಿಯಲ್ಲಿ ಒಡೆಯುವ ವಸ್ತು. ಹೊಳೆಯಲ್ಲಿ ಚಿಪ್ಪು ರಾಶಿಯಾಗಿತ್ತು. ನಿಮ್ಮ ಊಹೆ ಅಷ್ಟರಮಟ್ಟಿಗೆ ಸರಿ. ಆದರೆ ಇದನ್ನು ಬಡವರ ಗಾಜು ಎಂದರೆ ನಾನು ಒಪ್ಪಲಾರೆ. ಹಳೇ ಗೋವಾದ ಸೇ ಕೆಥೆಡ್ರಲ್‌ನಂಥ ಭಾರೀ ಇಗರ್ಜಿಯ ಕಿಟಕಿಗಳಿಗೂ, ಸಿರಿವಂತ ಜಮೀನ್ದಾರರ ಬಂಗಲೆಗಳಿಗೂ ಹಾಕಿದ್ದು ಇದೇ ಚಿಪ್ಪನ್ನು. ಇಲ್ಲಿನ ಬಿಸಿಲು ಗಾಜಿನಿಂದ ನೇರವಾಗಿ ಒಳನುಗ್ಗಿ ಕಣ್ಣು ಕುಕ್ಕುತ್ತದೆ. ಚಿಪ್ಪು ಆ ಬೆಳಕನ್ನು ಸೋಸಿ, ಹರಡಿ, ಕೋಣೆಯ ತುಂಬ ತಂಪಾಗಿ ಚೆಲ್ಲುತ್ತದೆ. ಬೀದಿಯವರಿಗೆ ಒಳಗಿನದು ಕಾಣದು, ಪರದೆಯೂ ಬೇಡ. ಮಳೆ ಹಿಡಿದಾಗ ಕಿಟಕಿ ಮುಚ್ಚಿದರೂ ಮನೆ ಕತ್ತಲಾಗುವುದಿಲ್ಲ. ಕರಾವಳಿಯ ಹವೆಗೆ ಇದಕ್ಕಿಂತ ಒಪ್ಪುವ ಕಿಟಕಿಯನ್ನು ನಾನು ಕಂಡಿಲ್ಲ.

ಈ ಚಿಪ್ಪಿನ ಗಟ್ಟಿತನ ವಿಜ್ಞಾನಿಗಳನ್ನೂ ಸೆಳೆದಿದೆ. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಅದನ್ನು ವಜ್ರದ ಮೊನೆಯಿಂದ ಚುಚ್ಚಿ ನೋಡಿದರು. ಚಿಪ್ಪಿನ ತೂಕದ ಶೇ 99ರಷ್ಟು ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ಖನಿಜವೇ. ಬರಿಯ ಕ್ಯಾಲ್ಸೈಟ್ ಹರಳಾದರೆ ಸುಲಭವಾಗಿ ಸೀಳುತ್ತದೆ. ಚಿಪ್ಪಿನಲ್ಲಿ ಅದು ಅತಿ ತೆಳುವಾದ ಪದರುಗಳಾಗಿ ಜೋಡಣೆಗೊಂಡಿದ್ದು, ನಡುವೆ ತುಸುವೇ ಜೈವಿಕ ವಸ್ತುವಿದೆ. ಹಾಗಾಗಿ ಪೆಟ್ಟು ಬಿದ್ದಲ್ಲೇ ಹಾನಿ ನಿಲ್ಲುತ್ತದೆ, ಬಿರುಕು ದೂರ ಓಡುವುದಿಲ್ಲ.

ಗಾಜು ಅಗ್ಗವಾದ ಮೇಲೆ ಈ ಕಿಟಕಿಗಳು ಹಿಂದೆ ಸರಿದವು. ಈಗ ಹೊಸದಾಗಿ ಚಿಪ್ಪು ಹೆಕ್ಕುವಂತೆಯೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಈ ಜೀವಿಗಿದೆ. ಅದು ಸರಿಯಾದ್ದೇ. ಹಾಗಾಗಿ ಹಳೆಯ ಮನೆ ಕೆಡಹುವಾಗ ಸಿಗುವ ಒಂದೊಂದು ಬಿಲ್ಲೆಯೂ ಬೆಲೆಯುಳ್ಳದ್ದು. ಆ ಬಡಿಗರ ಬಳಿ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟ ನಲವತ್ತೋ ಐವತ್ತೋ ಬಿಲ್ಲೆಗಳಿದ್ದವು. ಯಾರು ಕೇಳಿದರೂ ಮಾರುವುದಿಲ್ಲ, ಮುಂದಿನ ಕಿಟಕಿಗೆ ಬೇಕು ಎಂದರು.